ಸಿಬಿಟಿಯೋ, ಸುಮ್ನೆ ಕೂತು ಕೇಳಿಸಿಕೊಳ್ಳುವ ಥೆರಪಿಯೋ? 1500 ರೂಪಾಯಿ ಯಾವುದಕ್ಕೆ ಕೊಡಲಿ?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಊರು ದಾವಣಗೆರೆ, ಇರುವುದು ಬೆಂಗಳೂರಿನಲ್ಲಿ, ವಯಸ್ಸು 34. ಕಳೆದ ವರ್ಷ ಅಮ್ಮ ತೀರಿಕೊಂಡರು. ಅಲ್ಲಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗೆ. "ಇನ್ನೂ ಎಷ್ಟು ದಿನ ಹೀಗೇ ಇರ್ತೀಯ" ಎಂದು ಮನೆಯಲ್ಲಿ ಕೇಳಲು ಶುರು ಮಾಡಿದ್ದಾರೆ.

ಮೊದಲು ಆನ್‌ಲೈನ್‌ನಲ್ಲಿ ಒಬ್ಬ ಹುಡುಗಿಯ ಹತ್ತಿರ 6 ಸೆಷನ್ ಮಾಡಿದೆ. ಸಿಬಿಟಿ, ಅಂದರೆ ಯೋಚನೆ, ನಡವಳಿಕೆಯನ್ನು ಪರೀಕ್ಷಿಸಿ ಬದಲಿಸಲು ಕಲಿಸುವ ಥೆರಪಿ. ಎಲ್ಲ ಇಂಗ್ಲಿಷಿನಲ್ಲಿ. ಪ್ರತಿ ವಾರ ಒಂದು ಹಾಳೆ ತುಂಬಬೇಕು: ಏನಾಯಿತು, ಏನು ಯೋಚನೆ ಬಂತು, ಅದಕ್ಕೆ ಪುರಾವೆ ಏನು ಅಂತ. ನಿದ್ದೆ ಸ್ವಲ್ಪ ಸುಧಾರಿಸಿದ್ದು ನಿಜ, ಆದರೆ ಆಫೀಸಿನ ಟೈಮ್‌ಶೀಟ್ ತುಂಬಿದ ಹಾಗೆ ಅನಿಸಿ ಬಿಟ್ಟುಬಿಟ್ಟೆ. ಈಗ ಮನೆ ಹತ್ತಿರ ಒಬ್ಬರು ಹಿರಿಯ ಮೇಡಂ. ಕನ್ನಡದವರು. ಹಾಳೆಗೀಳೆ ಏನೂ ಇಲ್ಲ, ಕೇಳಿಸಿಕೊಳ್ಳುತ್ತಾರೆ. ನಾನು ಅತ್ತು ಹಗುರಾಗಿ ಬರುತ್ತೇನೆ, ಎರಡು ದಿನಕ್ಕೆ ಒರಳುಕಲ್ಲು ವಾಪಸ್.

ಗೆಳತಿ ಹೇಳುತ್ತಾಳೆ, ಸಿಬಿಟಿಗೆ ಮಾತ್ರ ವೈಜ್ಞಾನಿಕ ಪುರಾವೆ ಇದೆ, ಮಿಕ್ಕಿದ್ದೆಲ್ಲ ಹರಟೆ ಅಂತ. ಆಫೀಸಿನಲ್ಲಿ ಒಬ್ಬರು ಇಎಮ್‌ಡಿಆರ್ (ಥೆರಪಿಸ್ಟ್ ಆಡಿಸುವ ಬೆರಳಿನ ಜೊತೆ ಕಣ್ಣು ಓಡಿಸುತ್ತಾ ಕಹಿ ನೆನಪನ್ನು ಎದುರಿಸುವ ಥೆರಪಿ) ಮಾಡಿಸು ಅಂತಾರೆ. ಚಿಕ್ಕಪ್ಪ ಪ್ರಾಣಾಯಾಮ ಸಾಕು ಅಂತಾರೆ. ಪದ್ಧತಿ ಯಾವುದು ಅನ್ನುವುದು ನಿಜವಾಗಿ ಅಷ್ಟು ಮುಖ್ಯವಾ? ಹೋಗಿ ಬಂದವರು ಹೇಳಿ.

ಕಾಫಿಕುಡುಕ:
1500 ರೂಪಾಯಿಗೆ ನಾನೇ ಒಂದು ಗಂಟೆ ಕೇಳಿಸಿಕೊಳ್ಳುತ್ತೇನೆ. ಕಾಫಿ ಖರ್ಚು ನಿಮ್ಮದು.

ಗಿರಿಜಕ್ಕ:
@ಕಾಫಿಕುಡುಕ ಅಮ್ಮನನ್ನು ಕಳೆದುಕೊಂಡ ಹುಡುಗಿ ಬರೆದಿದ್ದಾಳೆ ಕಣಪ್ಪ. ನಿನ್ನ ಜೋಕು ಆಮೇಲೆ.

ಕಾಫಿಕುಡುಕ:
ತಪ್ಪಾಯ್ತು ಅಕ್ಕ. ಬೆಣ್ಣೆದೋಸೆಯವರೇ, ಕ್ಷಮಿಸಿ.

ಎಂಫಿಲ್ ಮುಗಿಸಿದವಳು:
ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನೀವು ಕೇಳಿದ್ದು ನಮ್ಮವರು ಸುಮಾರು 90 ವರ್ಷದಿಂದ ಕಿತ್ತಾಡುತ್ತಿರುವ ಪ್ರಶ್ನೆ. 1936ರಲ್ಲಿ ಸಾಲ್ ರೋಸೆನ್‌ಜ್ವೈಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಲೇಖನ ಬರೆದರು. ಪ್ರತಿ ಪಂಥದವರೂ ನಮ್ಮ ದಾರಿಯೇ ಸರಿ ಅನ್ನುತ್ತಾರೆ, ಆದರೆ ಎಲ್ಲರ ಹತ್ತಿರವೂ ಜನ ಗುಣವಾಗುತ್ತಿದ್ದಾರಲ್ಲ? ಹಾಗಿದ್ದರೆ ಎಲ್ಲರಲ್ಲೂ ಇರುವ ಇನ್ಯಾವುದೋ ಒಂದು ಕೆಲಸ ಮಾಡುತ್ತಿರಬೇಕು, ಎನ್ನುವುದು ಅವರ ವಾದ. ಆಲಿಸ್ ಇನ್ ವಂಡರ್‌ಲ್ಯಾಂಡ್ ಎಂಬ ಮಕ್ಕಳ ಕಥೆಯಲ್ಲಿ ಡೋಡೋ ಹಕ್ಕಿ ಓಟದ ಕೊನೆಗೆ "ಎಲ್ಲರೂ ಗೆದ್ದರು, ಎಲ್ಲರಿಗೂ ಬಹುಮಾನ" ಅನ್ನುತ್ತದಲ್ಲ, ಅದನ್ನು ಲೇಖನದ ಮೇಲೆ ಹಾಕಿದ್ದರು. 1975ರಲ್ಲಿ ಲೆಸ್ಟರ್ ಲುಬೊರ್ಸ್ಕಿ ಮತ್ತು ಜೊತೆಗಾರರು ಅಲ್ಲಿಯವರೆಗಿನ ಹೋಲಿಕೆಯ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ನೋಡಿ, ಡೋಡೋ ಹೇಳಿದ್ದು ಹೆಚ್ಚುಕಡಿಮೆ ಸರಿ ಎಂದರು. ಅಲ್ಲಿಂದ ಇದಕ್ಕೆ ಡೋಡೋ ತೀರ್ಪು ಅಂತಲೇ ಹೆಸರು.

ಆ "ಇನ್ಯಾವುದೋ ಒಂದು" ಏನು? 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಮೂರು ಮಾತಿನಲ್ಲಿ ಹೇಳಿದರು. ಏನು ಸಾಧಿಸಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ ಇರಬೇಕು. ಅದಕ್ಕೆ ಮಾಡುವ ಕೆಲಸದಲ್ಲೂ ಒಪ್ಪಿಗೆ ಇರಬೇಕು. ಮತ್ತೆ ಇಬ್ಬರ ನಡುವೆ ನಂಬಿಕೆ ಇರಬೇಕು. ನಿಮ್ಮ ಪೋಸ್ಟ್ ಓದಿದರೆ ಮೊದಲನೆಯವರ ಹತ್ತಿರ ಕೆಲಸ ಇತ್ತು, ಬಾಂಧವ್ಯ ಇರಲಿಲ್ಲ. ಎರಡನೆಯವರ ಹತ್ತಿರ ಬಾಂಧವ್ಯ ಇದೆ, ಏನು ಮಾಡುತ್ತಿದ್ದೇವೆ ಅನ್ನುವುದು ನಿಮಗೆ ಗೊತ್ತಿಲ್ಲ.

ಅಂಕಿಸಂಕಿ:
ಅಂಕಿ ಅಂಶ ನನ್ನ ಹೊಟ್ಟೆಪಾಡು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಥೆರಪಿ, ಬೇರೆ ಬೇರೆ ಅಳತೆ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಕುದಿಸಿದರೆ ಎಲ್ಲದಕ್ಕೂ ಒಂದೇ ರುಚಿ ಬರುತ್ತದೆ. ಅದಕ್ಕೆ "ಎಲ್ಲರೂ ಗೆದ್ದರು" ಅನ್ನುವುದಾ?

ಇನ್ನೂ ಹಿಂದಕ್ಕೆ ಹೋದರೆ, 1952ರಲ್ಲಿ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್, ಥೆರಪಿ ಇದ್ದರೂ ಇಲ್ಲದಿದ್ದರೂ ಮೂರರಲ್ಲಿ ಎರಡು ಪಾಲು ಜನ ಎರಡು ವರ್ಷದೊಳಗೆ ತಾವೇ ಸುಧಾರಿಸುತ್ತಾರೆ ಎಂದಿದ್ದರು. ಆಗ ದೊಡ್ಡ ರಂಪ.

ಎಂಫಿಲ್ ಮುಗಿಸಿದವಳು:
ಆ ರಂಪಕ್ಕೆ 1977ರಲ್ಲಿ ಉತ್ತರ ಸಿಕ್ಕಿತು ಸಾರ್. ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನ ಸೇರಿಸಿ ಲೆಕ್ಕ ಹಾಕಿದರು. ಥೆರಪಿ ಪಡೆದ ಸರಾಸರಿ ವ್ಯಕ್ತಿ, ಪಡೆಯದ 100 ಜನರಲ್ಲಿ 75 ಜನರಿಗಿಂತ ಮೇಲಿದ್ದ. ಥೆರಪಿಯಿಂದ ಉಪಯೋಗ ಇದೆಯಾ ಅನ್ನುವ ಜಗಳ ಬಹುಮಟ್ಟಿಗೆ ಮುಗಿದಿದೆ. ಯಾಕೆ ಉಪಯೋಗ ಆಗುತ್ತದೆ ಅನ್ನುವುದರಲ್ಲಿ ಜಗಳ. ಹಂಡೆ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ.

ಶರಾವತಿ ದಡ:
ಅರ್ಧ ಅಲ್ಲ, ಪೂರ್ತಿ ಸರಿ. ನನ್ನ ಕಥೆ ಕೇಳಿ.

ನನಗೆ ಓಸಿಡಿ ಇತ್ತು, ಅಂದರೆ ಬೇಡವೆಂದರೂ ಬರುವ ಯೋಚನೆಗೆ ಹೆದರಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕಾಯಿಲೆ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಓಸಿಡಿ ಅಂತ ಯಾರೂ ಹೇಳಲಿಲ್ಲ, ಮಡಿ ಅಂದರು. ಕೈ ತೊಳೆದದ್ದೇ ತೊಳೆದದ್ದು. ಬಸ್ಸಿನಿಂದ ಬಂದರೆ ಸ್ನಾನ, ಹಾಲಿನ ಪ್ಯಾಕೆಟ್ ಮುಟ್ಟಿದರೆ ಸ್ನಾನ. ಅಜ್ಜಿಗೆ ಭಾರಿ ಖುಷಿ, ಈ ಕಾಲದಲ್ಲೂ ಮೊಮ್ಮಗಳು ಎಷ್ಟು ಮಡಿವಂತಳು ಅಂತ. ಚರ್ಮ ಬಿರಿದು ರಕ್ತ ಬಂದಾಗ ಗಾಬರಿಯಾದರು.

ಎರಡು ವರ್ಷ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ತುಂಬಾ ಒಳ್ಳೆಯವರು, ತಾಯಿ ಥರ. ನನ್ನ ಬಾಲ್ಯ, ಅಜ್ಜಿಯ ಜೊತೆಗಿನ ಸಂಬಂಧ ಎಲ್ಲ ಮಾತಾಡಿದೆವು. ನನ್ನನ್ನು ನಾನು ಚೆನ್ನಾಗಿ ಅರ್ಥ ಮಾಡಿಕೊಂಡೆ. ಅರ್ಥ ಮಾಡಿಕೊಂಡು ಬಂದು ಮತ್ತೆ ಕೈ ತೊಳೆಯುತ್ತಿದ್ದೆ!

ಆಮೇಲೆ ಸಿಕ್ಕವರು ಎಕ್ಸ್‌ಪೋಷರ್ ಮಾಡಿಸಿದರು. ಬಸ್ ನಿಲ್ದಾಣದ ಕಂಬಿ ಮುಟ್ಟಬೇಕು, ಅರ್ಧ ಗಂಟೆ ಕೈ ತೊಳೆಯಬಾರದು. ಮುಂದಿನ ವಾರ ಅದೇ ಕೈಯಲ್ಲಿ ಚಕ್ಕುಲಿ ತಿನ್ನಬೇಕು. ಮೊದಲ ದಿನ ಆಯಮ್ಮನ ಮೇಲೆ ಬಂದ ಕೋಪ ಹೇಳತೀರದು. ನಾಲ್ಕು ತಿಂಗಳಲ್ಲಿ ಎರಡು ಗಂಟೆಯ ಸ್ನಾನ ಹದಿನೈದು ನಿಮಿಷಕ್ಕೆ ಇಳಿಯಿತು. ಬಾಂಧವ್ಯ ಒಂದೇ ಸಾಕಾಗಿದ್ದರೆ ನಾನು ಮೊದಲನೆಯವರ ಹತ್ತಿರವೇ ವಾಸಿಯಾಗಬೇಕಿತ್ತು. ಡೋಡೋಗೆ ನನ್ನದೊಂದು ನಮಸ್ಕಾರ.

ಎಂಫಿಲ್ ಮುಗಿಸಿದವಳು:
ಒಪ್ಪಿದೆ. ಓಸಿಡಿ ವಿಷಯದಲ್ಲಿ ಪದ್ಧತಿ ಮುಖ್ಯವೇ. ವಿಕ್ಟರ್ ಮೇಯರ್ 1966ರಲ್ಲಿ ಲಂಡನ್ನಿನಲ್ಲಿ ಇಬ್ಬರು ರೋಗಿಗಳ ಮೇಲೆ ಈ ದಾರಿ ತೋರಿಸಿದರು, ಆಮೇಲೆ ಅದು ಪಕ್ಕಾ ಆಗುತ್ತಾ ಬಂತು. ಫೋಬಿಯಾ, ಪ್ಯಾನಿಕ್ ಇವಕ್ಕೂ ಅಷ್ಟೇ, ಹೆದರಿದ್ದಕ್ಕೆ ಎದುರು ನಿಲ್ಲದೆ ಆಗುವುದಿಲ್ಲ. ಡೋಡೋ ಗಟ್ಟಿಯಾಗಿ ನಿಂತಿರುವುದು ಖಿನ್ನತೆಯ ವಿಷಯದಲ್ಲಿ. ಅಲ್ಲಿ ಹೆಸರುವಾಸಿ ಪದ್ಧತಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗುವುದಿಲ್ಲ.

ಆದರೆ ಒಂದು ಕೇಳಲಾ? ಬಸ್ ನಿಲ್ದಾಣದ ಕಂಬಿ ಮುಟ್ಟು ಅಂದಾಗ ಎದ್ದು ಹೋಗದೆ ಮುಟ್ಟಿದಿರಲ್ಲ, ಯಾಕೆ?

ಶರಾವತಿ ದಡ:
...ಆಯಮ್ಮ ತಾವೇ ಮೊದಲು ಮುಟ್ಟಿದರು. ಪಕ್ಕದಲ್ಲೇ ನಿಂತಿದ್ದರು. ಸರಿ ಬಿಡಿ, ಅದೂ ಇದೆ.

ಹುಬ್ಬಳ್ಳಿ ಮಿರ್ಚಿ:
ಪ್ಯಾನಿಕ್ ಅಂದದ್ದಕ್ಕೆ ನಂದೊಂದು. ಬಸ್ಸಿನಲ್ಲಿ ಎದೆ ಡವಡವ ಅಂತ ಹಾರ್ಟ್ ಅಟ್ಯಾಕ್ ಆಯ್ತು ಅಂದುಕೊಂಡು ಮೂರು ಸಲ ಇಸಿಜಿ ಮಾಡಿಸಿದೆ. ಮೂರೂ ನಾರ್ಮಲ್. ಆಮೇಲೆ ಥೆರಪಿಸ್ಟ್ ನನ್ನನ್ನು ಮೂರು ಮಹಡಿ ಮೆಟ್ಟಿಲು ಓಡಿ ಹತ್ತಿಸಿ, "ಈಗ ಎದೆ ಹೊಡ್ಕೊಳ್ತಿದೆ, ಸತ್ರಾ?" ಅಂತ ಕೇಳಿದರು. ಇಲ್ಲರೀ, ಸಾಯಲಿಲ್ಲ. 8 ಸೆಷನ್ನಿಗೆ ಮುಗಿಯಿತು.

ಸದಾಶಿವನಗರ ಸದಾ:
ಇಷ್ಟೊಂದು ಚರ್ಚೆ ಯಾಕೆ? ಲೆಕ್ಕ ಆಗಲೇ ಇದೆ. ಶೇ 40 ರೋಗಿಯ ಬದುಕಿನ ಪರಿಸ್ಥಿತಿ, ಶೇ 30 ಸಂಬಂಧ, ಶೇ 15 ನಿರೀಕ್ಷೆ, ಶೇ 15 ಮಾತ್ರ ಪದ್ಧತಿ. ಎಲ್ಲ ಟ್ರೈನಿಂಗ್‌ನಲ್ಲೂ ಈ ಚಿತ್ರ ತೋರಿಸುತ್ತಾರೆ.

ಅಂಕಿಸಂಕಿ:
ತೋರಿಸುತ್ತಾರೆ, ಹೌದು. ಆದರೆ ಅದು ಲೆಕ್ಕ ಹಾಕಿ ಬಂದ ಅಂಕಿ ಅಲ್ಲ. ಮೈಕೆಲ್ ಲ್ಯಾಂಬರ್ಟ್ 1992ರಲ್ಲಿ ಸಂಶೋಧನೆಗಳನ್ನೆಲ್ಲ ಓದಿ ಕೊಟ್ಟ ಒಂದು ಅಂದಾಜು. ಜನ ಅದನ್ನು ಹೋಳಿಗೆ ಕತ್ತರಿಸಿದ ಹಾಗೆ ಕತ್ತರಿಸಿ ಹಂಚುತ್ತಿದ್ದಾರೆ. ಅಳೆದು ಹೇಳಿದ್ದು ಬೇಕು ಅಂದರೆ 2018ರಲ್ಲಿ ಕ್ರಿಸ್ಟೋಫ್ ಫ್ಲೂಕಿಗರ್ ತಂಡ 295 ಅಧ್ಯಯನ ಸೇರಿಸಿ ನೋಡಿತು. ಬಾಂಧವ್ಯಕ್ಕೂ ಫಲಿತಾಂಶಕ್ಕೂ ಇರುವ ಸಹಸಂಬಂಧ ಸುಮಾರು 0.28 (ಎರಡೂ ಪೂರ್ತಿ ಜೊತೆಜೊತೆಗೆ ಏರಿಳಿದರೆ 1, ಸಂಬಂಧವೇ ಇಲ್ಲದಿದ್ದರೆ 0). ಅದನ್ನು ಅದರಿಂದಲೇ ಗುಣಿಸಿದರೆ ಫಲಿತಾಂಶದ ಏರಿಳಿತದಲ್ಲಿ ಶೇ 8ರಷ್ಟು. ಶೇ 30 ಎಲ್ಲಿ, ಶೇ 8 ಎಲ್ಲಿ!

ಇನ್ನೊಂದು ಅನುಮಾನ ನನಗೆ. ಗುಣವಾಗುತ್ತಿರುವವರಿಗೆ ಥೆರಪಿಸ್ಟ್ ಇಷ್ಟವಾಗುತ್ತಾರೋ, ಇಷ್ಟವಾದ್ದರಿಂದ ಗುಣವಾಗುತ್ತಾರೋ?

ಎಂಫಿಲ್ ಮುಗಿಸಿದವಳು:
ಎರಡೂ ಕಡೆಯಿಂದ ಅಂತ ಈಗಿನ ಸಂಶೋಧನೆ ಹೇಳುತ್ತದೆ. ಶೇ 8 ಕಮ್ಮಿ ಅನಿಸಬಹುದು, ಆದರೆ ಈ ಕ್ಷೇತ್ರದಲ್ಲಿ ಪದೇ ಪದೇ ಕಾಣಿಸುವ, ಇಷ್ಟು ಗಟ್ಟಿಯಾದ ಅಂಕಿ ಬೇರೆ ಹೆಚ್ಚಿಲ್ಲ. ಸದಾ ಅವರೇ, ಬೇಸರ ಮಾಡಿಕೊಳ್ಳಬೇಡಿ, ನಾನೂ ಕಾಲೇಜಿನಲ್ಲಿ ಆ ಚಿತ್ರವನ್ನು ನಂಬಿ ಪರೀಕ್ಷೆಯಲ್ಲಿ ಬರೆದಿದ್ದೆ.

ನಿವೃತ್ತ ಮೇಷ್ಟ್ರು:
ನಮ್ಮ ಕಾಲದಲ್ಲಿ ಇದಕ್ಕೆಲ್ಲ ದುಡ್ಡು ಕೊಡುತ್ತಿರಲಿಲ್ಲ. ಜಗಲಿ ಇತ್ತು, ಅಜ್ಜಿ ಇದ್ದಳು. ದುಃಖ ಹೇಳಿಕೊಂಡರೆ ತಲೆ ಸವರಿ ಎರಡು ಮಾತು ಹೇಳುತ್ತಿದ್ದಳು. ಈಗ ಅಜ್ಜಿಯನ್ನು ಊರಲ್ಲಿ ಬಿಟ್ಟು ಬಂದು, ಬಾಡಿಗೆಗೆ ಅಜ್ಜಿ ಹುಡುಕುತ್ತಿದ್ದೀರಿ.

ಗಿರಿಜಕ್ಕ:
ಮೇಷ್ಟ್ರೇ, ಜಗಲಿಯಲ್ಲಿ ಬೆಳಿಗ್ಗೆ ಹೇಳಿದ ಗುಟ್ಟು ಸಂಜೆಗೆ ಬಾವಿಕಟ್ಟೆಯಲ್ಲಿ ಇರುತ್ತಿತ್ತು. ಅದನ್ನು ಮರೆತಿರಾ? ನಾನು ಮದುವೆಯಾದ ಹೊಸತರಲ್ಲಿ ಒಂದು ಮಾತು ಹೇಳಿಕೊಂಡಿದ್ದಕ್ಕೆ ಹತ್ತು ವರ್ಷ ಅನುಭವಿಸಿದ್ದೇನೆ. ದುಡ್ಡು ಕೊಡುವುದೇ ಅದಕ್ಕೆ, ಆಚೆ ಹೋಗದಿರಲಿ ಅಂತ.

ಕರಾವಳಿ ಕಡ್ಲೆ:
ಮೇಷ್ಟ್ರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ನಮ್ಮ ಕಡೆ ಮನೆಯಲ್ಲಿ ಏನಾದರೂ ಕಂಟಕ ಅಂದರೆ ದೈವದ ಹತ್ತಿರ ಕೇಳುವುದುಂಟು. ನುಡಿ ಕೊಡುವಾಗ ಇಡೀ ಕುಟುಂಬ ಕೈಮುಗಿದು ನಿಂತಿರುತ್ತದೆ. ಕಷ್ಟಕ್ಕೆ ಒಂದು ಕಾರಣ ಸಿಗುತ್ತದೆ, ಮಾಡಲಿಕ್ಕೆ ಒಂದು ಕೆಲಸ ಸಿಗುತ್ತದೆ. ಬರುವಾಗ ಎದೆ ಹಗುರ. ಇದನ್ನೇ ಅಲ್ವಾ ಅಮೆರಿಕದ ಮನೋವೈದ್ಯ ಜೆರೋಮ್ ಫ್ರಾಂಕ್ 1961ರಲ್ಲಿ ಬರೆದದ್ದು? ನಂಬಬಹುದಾದ ಒಬ್ಬ ವ್ಯಕ್ತಿ, ಅದಕ್ಕೆಂದೇ ಇರುವ ಜಾಗ, ಕಷ್ಟಕ್ಕೊಂದು ವಿವರಣೆ, ಒಂದು ಆಚರಣೆ. ಮಾಂತ್ರಿಕನಿಂದ ಹಿಡಿದು ಸೂಟು ಹಾಕಿದ ಡಾಕ್ಟರವರೆಗೆ ಈ ನಾಲ್ಕು ಎಲ್ಲರಲ್ಲೂ ಇದೆ ಎಂದರು.

ದೈವದ ಹತ್ತಿರ ಹೋಗಿ, ಮಾತ್ರೆ ಬಿಡಿ ಅಂತ ನಾನು ಹೇಳುತ್ತಿಲ್ಲ, ಯಾರೂ ಹಾಗೆ ಓದಬೇಡಿ ಮಾರಾಯ್ರೇ.

ಎಂಫಿಲ್ ಮುಗಿಸಿದವಳು:
ಇದಕ್ಕೆ ನಮ್ಮ ದೇಶದ್ದೇ ಒಂದು ಉತ್ತರ ಇದೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ, ಭಾರತದ ರೋಗಿಗಳಿಗೆ ಗುರು-ಶಿಷ್ಯ ಸಂಬಂಧವೇ ಥೆರಪಿಗೆ ಮಾದರಿ ಆಗಬಾರದೇಕೆ ಎಂದು ಬರೆದರು. ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತ ನಾವು "ನಿಮಗೇನು ಅನಿಸುತ್ತದೆ?" ಅಂತ ಕೇಳುತ್ತೇವೆ. ಎದುರಿಗೆ ಕೂತವರು, "ನನಗೆ ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ ಮೇಡಂ?" ಅನ್ನುತ್ತಾರೆ. ನನ್ನ ಮೊದಲ ವರ್ಷ ಇದೇ ಪ್ರಶ್ನೆ ನಾಲ್ಕು ಜನ ಕೇಳಿದ್ದರು.

ಬೆಳಗಿನ ವಾಕಿಂಗ್:
ಭಾಷೆಯ ವಿಷಯ ಯಾರೂ ಎತ್ತಲಿಲ್ಲವಲ್ಲ. ನನ್ನ ಥೆರಪಿಸ್ಟ್ ಉತ್ತರ ಭಾರತದವರು, ಕನ್ನಡ ಕಲಿಯುತ್ತಿದ್ದರು. ನಾನು "ಬೇಜಾರು" ಅಂದೆ. ಅವರು ಅದನ್ನು ಬೋರ್ ಅಂತ ತಿಳಿದು, ಒಂದು ತಿಂಗಳು ನನಗೆ ಹವ್ಯಾಸ ಕಲಿಸಲು ನೋಡಿದರು. ನಮ್ಮ ಬೇಜಾರಿನಲ್ಲಿ ಬೋರೂ ಇದೆ, ದುಃಖವೂ ಇದೆ, "ನೀನು ಹಾಗೆ ಅಂದದ್ದು ನೋವಾಯ್ತು" ಅನ್ನುವುದೂ ಇದೆ. ಯಾವ ಬೇಜಾರು ಅಂತ ತಿಳಿಯದೆ ಸಿಬಿಟಿ ಹಾಳೆಯಲ್ಲಿ ಏನು ತುಂಬಿಸುತ್ತೀರಿ?

ಬೆಣ್ಣೆದೋಸೆ:
ಅಯ್ಯೋ ಹೌದು! ನನ್ನ ಹಾಳೆಯಲ್ಲಿ ಭಾವನೆ ಅನ್ನುವ ಕಾಲಂನಲ್ಲಿ ಆರು ವಾರವೂ ಸ್ಯಾಡ್ ಅಂತಲೇ ಬರೆದಿದ್ದೇನೆ. ನಿಜವಾಗಿ ಇದ್ದದ್ದು ಸಂಕಟ. ಹೊಟ್ಟೆಯಿಂದ ಮೇಲೆ ಬರುವಂಥದ್ದು. ಇಂಗ್ಲಿಷಿನಲ್ಲಿ ಅದನ್ನು ಏನನ್ನಬೇಕೋ ತೋಚಲೇ ಇಲ್ಲ.

ಕಾರವಾರದ ಕೊಂಕಣಿ:
ಪಕ್ಕದ ಗೋವಾದಲ್ಲಿ ನಡೆದದ್ದು ಯಾರೂ ಹೇಳಲಿಲ್ಲ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ತಂಡದವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೈಕಾಲಜಿ ಓದದ ಸ್ಥಳೀಯರನ್ನೇ ಆರಿಸಿ ತರಬೇತಿ ಕೊಟ್ಟರು. ಜೋರು ಖಿನ್ನತೆ ಇದ್ದವರಿಗೆ 6ರಿಂದ 8 ಭೇಟಿ. ಮನೆಗೇ ಹೋಗಿ ಮಾತಾಡಿದ್ದೂ ಉಂಟು. ಮಾಡಿದ್ದು ತುಂಬಾ ಸರಳ: ನೀವು ಬಿಟ್ಟುಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿ, ಮನಸ್ಸು ಬಂದ ಮೇಲೆ ಅಲ್ಲ, ಈಗಲೇ. 2017ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳಿಗೆ ಇವರಲ್ಲಿ ಶೇ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 39.

ಊರಿನ ಭಾಷೆ, ಊರಿನ ಜನ, ಮಾಡಲಿಕ್ಕೆ ಗಟ್ಟಿ ಕೆಲಸ. ಮೂರೂ ಒಟ್ಟಿಗೆ ಇತ್ತು.

ಅಂಕಿಸಂಕಿ:
ಇದು ನಿಜವಾದ ಪುರಾವೆ. ಅವರಿಗೆ ಕೈಪಿಡಿ ಇತ್ತು, ಒಬ್ಬರ ಸೆಷನ್ ರೆಕಾರ್ಡಿಂಗನ್ನು ಇನ್ನೊಬ್ಬರು ಕೇಳಿ ಅಂಕ ಕೊಡುತ್ತಿದ್ದರು ಅನ್ನುವುದನ್ನೂ ಸೇರಿಸಿಕೊಳ್ಳಿ. ಮೇಷ್ಟ್ರ ಅಜ್ಜಿಗೆ ಯಾರು ಅಂಕ ಕೊಡುತ್ತಿದ್ದರು?

ನಿವೃತ್ತ ಮೇಷ್ಟ್ರು:
ಅಜ್ಜನೇ ಕೊಡುತ್ತಿದ್ದ. ಯಾವತ್ತೂ ಪಾಸು ಮಾಡಲಿಲ್ಲ.

ಕಾಫಿಕುಡುಕ:
ಇದು ಈ ಚರ್ಚೆಯ ಅತ್ಯುತ್ತಮ ಉತ್ತರ.

ಹೆಸರು ಬೇಡ:
ಒಳ್ಳೆಯದರ ಬಗ್ಗೆಯೇ ಎಲ್ಲರೂ ಬರೆದಿದ್ದೀರಿ. ನಾನು ಹೋದ ಒಬ್ಬರು ಸೆಷನ್ ಮಧ್ಯೆ ಫೋನ್ ನೋಡುತ್ತಿದ್ದರು. ನನ್ನ ಡಿವೋರ್ಸ್ ಬಗ್ಗೆ ಹೇಳಿದರೆ, "ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತು" ಅಂದರು. ಐದು ತಿಂಗಳು ಹೋದೆ, ಇನ್ನೂ ಕುಸಿದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ, ನೀವು ಸುಧಾರಿಸುತ್ತಿದ್ದೀರಿ ಅಂತಲೇ ಹೇಳುತ್ತಿದ್ದರು. ನನ್ನದೇ ತಪ್ಪೇನೋ ಅಂದುಕೊಂಡಿದ್ದೆ.

ಎಂಫಿಲ್ ಮುಗಿಸಿದವಳು:
ನಿಮ್ಮ ತಪ್ಪಲ್ಲ. ನಮ್ಮವರ ಮುಖಕ್ಕೆ ಹೊಡೆದಂಥ ಒಂದು ಅಧ್ಯಯನ 2005ರಲ್ಲಿ ಬಂತು. 550 ಜನರಲ್ಲಿ ಯಾರು ಹದಗೆಡುತ್ತಾರೆ ಹೇಳಿ ಎಂದು ಥೆರಪಿಸ್ಟರನ್ನೇ ಕೇಳಿದರು. ಅವರು ಬೆರಳು ತೋರಿಸಿದ್ದು 3 ಜನರನ್ನು. ನಿಜವಾಗಿ ಹದಗೆಟ್ಟವರು 40. ಅದಕ್ಕೇ ನಾನು ಈಗ ಪ್ರತಿ ಸೆಷನ್ ಶುರುವಿನಲ್ಲಿ ಹೋದ ವಾರ ಹೇಗಿತ್ತು ಅಂತ ನಾಲ್ಕು ಪ್ರಶ್ನೆಗೆ ಅಂಕ ಹಾಕಿಸುತ್ತೇನೆ. ನನ್ನ ಒಳಮನಸ್ಸನ್ನು ನಾನು ನಂಬುವುದಿಲ್ಲ.

ಆರೆಂಟು ಸೆಷನ್ ಆದರೂ ಒಂದಿಷ್ಟೂ ಬದಲಾವಣೆ ಇಲ್ಲದಿದ್ದರೆ ಅವರನ್ನೇ ನೇರವಾಗಿ ಕೇಳಿ. 1986ರಲ್ಲಿ ಕೆನೆತ್ ಹೊವಾರ್ಡ್ ತಂಡ ಹೇಳಿದ ಪ್ರಕಾರ 8 ಸೆಷನ್ ಹೊತ್ತಿಗೆ ಸುಮಾರು ಅರ್ಧ ಜನಕ್ಕೆ ಸುಧಾರಣೆ ಕಾಣುತ್ತದೆ. ಕೇಳಿದ್ದಕ್ಕೆ ಅವರು ಸಿಟ್ಟಾದರೆ ಎದ್ದು ಬನ್ನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ.

ಸದಾಶಿವನಗರ ಸದಾ:
ಇಎಮ್‌ಡಿಆರ್ ಬಗ್ಗೆ? ಬೆರಳು ಆಡಿಸಿದರೆ ಗುಣವಾಗುತ್ತಾ?

ಎಂಫಿಲ್ ಮುಗಿಸಿದವಳು:
ಅಪಘಾತ, ದೌರ್ಜನ್ಯದಂಥ ಆಘಾತಕ್ಕೆ ಉಪಯೋಗ ಇದೆ, ವಿಶ್ವ ಆರೋಗ್ಯ ಸಂಸ್ಥೆಯೂ 2013ರಲ್ಲಿ ಶಿಫಾರಸು ಮಾಡಿದೆ. ಆದರೆ ಕೆಲಸ ಮಾಡುವುದು ಕಣ್ಣಿನ ಓಡಾಟವೋ, ಆ ನೆನಪಿನ ಎದುರು ಧೈರ್ಯವಾಗಿ ಕೂರುವುದೋ ಅನ್ನುವ ಜಗಳ ಇನ್ನೂ ಇದೆ. ಬೆಣ್ಣೆದೋಸೆ, ಬರೆದದ್ದನ್ನು ನೋಡಿದರೆ ನಿಮಗೆ ಅದು ಬೇಕು ಅನಿಸುವುದಿಲ್ಲ. ಅಮ್ಮ ಹೋದ ದುಃಖ ಕಾಯಿಲೆ ಅಲ್ಲ. ಒಂದು ವರ್ಷ ಕಳೆದರೂ ದಿನನಿತ್ಯದ ಬದುಕೇ ನಿಂತುಹೋಗಿದ್ದರೆ ಅದಕ್ಕೆ ಬೇರೆ ಹೆಸರಿದೆ, ಬೇರೆ ಚಿಕಿತ್ಸೆಯೂ ಇದೆ. ಯಾವುದು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಬೆಳಗಿನ ಜಾವದ ಎಚ್ಚರ ಹೀಗೇ ಮುಂದುವರಿದರೆ ಒಮ್ಮೆ ಮನೋವೈದ್ಯರನ್ನೂ ನೋಡಿ, ಮಾತ್ರೆ ಅಂದರೆ ಹೆದರಬೇಡಿ.

ಗಿರಿಜಕ್ಕ:
ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ ಮಗಳೇ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೂರು ಗಂಟೆ ಅಂತ ಯೋಚಿಸಬೇಡ.

ಹುಬ್ಬಳ್ಳಿ ಮಿರ್ಚಿ:
ದಾವಣಗೆರೆಯವರು ಬೆಂಗಳೂರಿನಲ್ಲಿ ಬೆಣ್ಣೆದೋಸೆ ತಿನ್ನುತ್ತಿದ್ದರೆ ಬೇಜಾರಾಗದೆ ಇನ್ನೇನಾಗುತ್ತೆ, ಅದನ್ನೂ ವಿಚಾರ ಮಾಡಿ.

ಬೆಣ್ಣೆದೋಸೆ (ಮೂರು ವಾರದ ನಂತರ):
ಎಲ್ಲರಿಗೂ ಥ್ಯಾಂಕ್ಸ್. ಮಿರ್ಚಿಯವರೇ, ಆ ವಿಷಯದಲ್ಲಿ ನನ್ನ ಪೂರ್ಣ ಸಹಮತ ಇದೆ.

ಹಿರಿಯ ಮೇಡಂ ಹತ್ತಿರ ಧೈರ್ಯ ಮಾಡಿ ಹೇಳಿದೆ, ಅತ್ತು ಹೋಗುತ್ತೇನೆ, ಎರಡು ದಿನಕ್ಕೆ ಮತ್ತೆ ಅದೇ, ನಾವು ಏನು ಮಾಡುತ್ತಿದ್ದೇವೆ ಅಂತ ನನಗೆ ಗೊತ್ತಾಗುತ್ತಿಲ್ಲ ಅಂತ. ಸಿಟ್ಟಾಗಲಿಲ್ಲ. "ಇದನ್ನು ನೀನು ಮೊದಲೇ ಕೇಳಬೇಕಿತ್ತು, ನಾನೂ ಹೇಳಬೇಕಿತ್ತು" ಅಂದರು. ಹಳೆಯ ಹಾಳೆ ತೋರಿಸಿದೆ. ಅದನ್ನೇ ಕನ್ನಡದಲ್ಲಿ ಬರೆ ಅಂದರು, ಕಾಲಂ ಹೆಸರು ಕೂಡ ನಿನ್ನದೇ ಇರಲಿ ಅಂದರು. ಈಗ ನನ್ನ ಹಾಳೆಯಲ್ಲಿ ಇರುವ ಕಾಲಂಗಳು: ಯಾರು ಏನಂದರು, ಎಲ್ಲಿ ಸಂಕಟ ಆಯಿತು, ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು. ಮೂರನೆಯದು ಬರೆಯುವಾಗ ಅಳು ಬರುತ್ತದೆ, ಒಂದೊಂದು ಸಲ ನಗುವೂ ಬರುತ್ತದೆ. ಅಮ್ಮನ ಬಾಯಿ ಸ್ವಲ್ಪ ಜೋರು. ಜೊತೆಗೆ ವಾರಕ್ಕೆ ಎರಡು ಸಂಜೆ ಸಂಗೀತದ ಕ್ಲಾಸಿಗೆ ಮತ್ತೆ ಹೋಗುತ್ತಿದ್ದೇನೆ, ಮನಸ್ಸಿಲ್ಲದಿದ್ದರೂ. ನಿದ್ದೆ ಈಗ ನಾಲ್ಕೂವರೆವರೆಗೆ ಬರುತ್ತಿದೆ.

ಇದು ಸಿಬಿಟಿಯೋ, ಗೋವಾ ಮಾದರಿಯೋ, ಹರಟೆಯೋ, ಗೆಳತಿಗೆ ಏನಂತ ಹೇಳಲಿ ಗೊತ್ತಾಗುತ್ತಿಲ್ಲ.

ಎಂಫಿಲ್ ಮುಗಿಸಿದವಳು:
ಮೂರನೆಯ ಕಾಲಂ ನಾನು ಕದಿಯುತ್ತೇನೆ, ಅನುಮತಿ ಇದೆಯಾ? ಆಗುವುದಾದರೆ ಒಂದು ಹಾಳೆಯ ಫೋಟೋ ಹಾಕಿ.

ಬೆಣ್ಣೆದೋಸೆ:
ಕಾಲಂ ಧಾರಾಳವಾಗಿ ತಗೊಳ್ಳಿ ಮೇಡಂ. ಫೋಟೋ ಮಾತ್ರ ಆಗಲ್ಲ. ಮೊದಲನೆಯ ಕಾಲಂ ತುಂಬ ನಮ್ಮತ್ತೆ ಹೆಸರೇ ಇದೆ.